ಮನೆಯ ಸರ್ವರಿಗೆ ಪುಟ್ಟ ಮದರ್‌ಬೋರ್ಡು

ಊರಿನ ಹಿರಿಯರ ಭಾವಚಿತ್ರ, ಧ್ವನಿಮುದ್ರಣಗಳನ್ನು ಕಾಪಾಡಲು ಮನೆಯಲ್ಲೇ ಸಣ್ಣ ಸರ್ವರೊಂದನ್ನು ಇಡಬಯಸುವವರು ವೇಗಕ್ಕಿಂತ ಮೊದಲು ವಿದ್ಯುತ್ತಿನ ಖರ್ಚನ್ನು ನೋಡಬೇಕು. ಈ ಯಂತ್ರಕ್ಕೆ ಹಗಲಿರುಳೂ ವಿರಾಮವಿಲ್ಲ. 60 ವಾಟ್ ಎಳೆಯುವ ಹಳೆಯ ಕಂಪ್ಯೂಟರು 30 ದಿನಗಳಲ್ಲಿ 43 ಯೂನಿಟ್ ನುಂಗಿದರೆ, 15 ವಾಟಿನದಕ್ಕೆ 11 ಯೂನಿಟ್ ಸಾಕು.

2001ರಲ್ಲಿ ವಿಯಾ ಕಂಪನಿ ರೂಪಿಸಿದ ಮಿನಿ-ಐಟಿಎಕ್ಸ್ ಬೋರ್ಡು 17 ಸೆಂಟಿಮೀಟರಿನ ಚೌಕ; ಬಾಡಿಗೆ ಮನೆಯ ಕಿರುಮೂಲೆಯಲ್ಲೂ ಹಿಡಿಸುತ್ತದೆ. 2023ರಲ್ಲಿ ಬಂದ ಇಂಟೆಲ್ ಎನ್100 ಪ್ರೊಸೆಸರನ್ನು ಬೆಸೆದ ಇಂಥ ಬೋರ್ಡು ಮನೆಯ ಕೆಲಸಕ್ಕೆ ಧಾರಾಳವಾಯಿತು.

ಕೊಳ್ಳುವ ಮುನ್ನ ಪೋರ್ಟುಗಳನ್ನು ಎಣಿಸಿರಿ. ರೌಟರಿಗಾದರೆ ಲ್ಯಾನ್ ಪೋರ್ಟು ಎರಡಿರಲಿ: ಹೊರಗಿನ ಇಂಟರ್‌ನೆಟ್ಟಿಗೊಂದು, ಮನೆಗೊಂದು. ಸರ್ವರಿಗಾದರೆ ಸಾಟಾ ಪೋರ್ಟು ಎರಡು. ಒಂದು ಡಿಸ್ಕು ಕೆಟ್ಟರೂ ಇನ್ನೊಂದರಲ್ಲಿ ಪ್ರತಿ ಉಳಿದಿರುತ್ತದೆ. ಮೂರನೆಯ ಪ್ರತಿಯನ್ನು ಊರಿನ ಮನೆಯಲ್ಲಿ ಇಟ್ಟುಬನ್ನಿರಿ. ಬೋರ್ಡು ಕೆಟ್ಟರೆ ಅಂಗಡಿಯಲ್ಲಿ ಮತ್ತೊಂದು ಸಿಕ್ಕೀತು. ಅಜ್ಜಿಯ ದನಿ ಸಿಕ್ಕದು.