ಪುಸ್ತಕ ಓದಿ ಟೀಚರಿಗೊಂದು ಪತ್ರ

ಊಟ ಮುಗಿದ ಮೇಲೂ ಮೇಜು ಬಿಟ್ಟೇಳದೆ, ಗಂಡನ ಜೊತೆ, ಬಂದ ಗೆಳೆಯರ ಜೊತೆ ಓದಿದ ಪುಸ್ತಕಗಳ ಬಗ್ಗೆ ಮಾತಾಡುತ್ತ ಕೂರುವುದು ನ್ಯಾನ್ಸಿ ಆಟ್ವೆಲ್ ಎಂಬ ಅಮೆರಿಕದ ಟೀಚರಿಗೆ ರೂಢಿ. ಅಲ್ಲಿ ಒಬ್ಬರು ಕಾದಂಬರಿಯನ್ನು ಹೊಗಳಿದರೆ ಇನ್ನೊಬ್ಬರು ತೆಗಳುತ್ತಾರೆ, ಮತ್ತೊಬ್ಬರು ಅದನ್ನು ಎರವಲು ಕೇಳುತ್ತಾರೆ. ತಮ್ಮ ಎಂಟನೇ ತರಗತಿಯ ಮಕ್ಕಳನ್ನೂ ಆ ಮೇಜಿನ ಸುತ್ತ ಕೂರಿಸಬೇಕೆಂಬ ಆಸೆ ಅವರಿಗೆ ಹುಟ್ಟಿತು. ಅಷ್ಟು ಮಕ್ಕಳನ್ನು ಕೂರಿಸುವುದು ಹೇಗೆ? ಅವರು ಪತ್ರ ಶುರು ಮಾಡಿದರು.

ಇದು 1980ರ ದಶಕದ ಮಾತು. ಮೇನ್ ರಾಜ್ಯದ ಕಡಲತಡಿಯ ಊರು ಬೂತ್‌ಬೇ ಹಾರ್ಬರ್. ಲಾಸ್ ಏಂಜಲೀಸಿನ ಲೆಸ್ಲಿ ರೀಡ್ ಎಂಬ ಆರನೇ ತರಗತಿಯ ಟೀಚರ್ ಮಕ್ಕಳ ದಿನಚರಿಗೆ ಬರೆದೇ ಉತ್ತರ ಕೊಡುತ್ತಿದ್ದುದು ಆಟ್ವೆಲ್‌ಗೆ ದಾರಿ ತೋರಿಸಿತ್ತು. ಪ್ರತಿ ಮಗುವಿಗೂ ಒಂದು ನೋಟ್‌ಬುಕ್. ತಾನು ಓದಿದ ಪುಸ್ತಕದ ಬಗ್ಗೆ ಟೀಚರಿಗೋ ಸಹಪಾಠಿಗೋ ಅದರಲ್ಲಿ ಪತ್ರ ಬರೆಯಬೇಕು. ಉತ್ತರವೂ ಅದರಲ್ಲೇ ಬರುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಉತ್ತರಗಳು. ಟೀಚರ್ ಕೆಂಪು ಶಾಯಿಯಲ್ಲಿ ಕಾಗುಣಿತ ತಿದ್ದುವುದಿಲ್ಲ. ಒಬ್ಬ ಓದುಗರಾಗಿ ಇನ್ನೊಬ್ಬ ಓದುಗರಿಗೆ ಬರೆಯುತ್ತಾರೆ: ನನಗೂ ಆ ಪಾತ್ರ ಇಷ್ಟ, ಆದರೆ ಕೊನೆಯ ಅಧ್ಯಾಯ ನನಗೆ ಒಪ್ಪಿಗೆಯಾಗಲಿಲ್ಲ, ನಿನಗೆ? ಇದೇ ಲೇಖಕರ ಇನ್ನೊಂದು ಪುಸ್ತಕ ಕಪಾಟಿನಲ್ಲಿದೆ, ನೋಡು. ಹೀಗೆ ಬರೆಯಲು ಅವರೂ ಮಕ್ಕಳ ಕಾದಂಬರಿಗಳನ್ನು ಬಿಡದೆ ಓದಬೇಕಾಯಿತು. ಮುಂದೆ ಪತ್ರ ಮೂರು ವಾರಕ್ಕೊಂದು ಎಂದಾಗಿ ಉದ್ದ ಬೆಳೆಯಿತು. ಮನಸ್ಸಿಗೆ ತಟ್ಟಿದ ಒಂದು ಭಾಗವನ್ನು ಪುಸ್ತಕದಿಂದ ನಕಲು ಮಾಡಿ, ಅದನ್ನೇ ಏಕೆ ಆರಿಸಿದೆ ಎಂದು ಬರೆಯುವುದೂ ಸೇರಿತು.

ಪುಸ್ತಕ ಆರಿಸುವ ಹಕ್ಕು ಪೂರ್ತಿ ಮಗುವಿನದು. ಬೇಸರವಾದರೆ ಅರ್ಧಕ್ಕೇ ಬಿಡಬಹುದು. ತರಗತಿಯಲ್ಲಿ ಓದಲೆಂದೇ ಹೊತ್ತು ಇರುತ್ತದೆ, ಮನೆಯಲ್ಲಿ ರಾತ್ರಿ ಅರ್ಧ ಗಂಟೆ ಓದುವುದೇ ಹೋಂವರ್ಕ್. ಅವರ ಮಕ್ಕಳು ವರ್ಷಕ್ಕೆ ಸರಾಸರಿ 40 ಪುಸ್ತಕ ಓದುತ್ತಿದ್ದರು.

ಮೊದಲ ವರ್ಷಗಳ ಅನುಭವ 1987ರಲ್ಲಿ ‘ಇನ್ ದ ಮಿಡ್ಲ್’ ಎಂಬ ಪುಸ್ತಕವಾಯಿತು. 1990ರಲ್ಲಿ ಆಟ್ವೆಲ್ ಎಡ್ಜ್‌ಕಮ್ ಎಂಬಲ್ಲಿ ತಮ್ಮದೇ ಪುಟ್ಟ ಶಾಲೆ ತೆರೆದರು. 2015ರಲ್ಲಿ ಮೊತ್ತಮೊದಲ ಜಾಗತಿಕ ಶಿಕ್ಷಕ ಪ್ರಶಸ್ತಿ ಅವರಿಗೆ ಸಂದಿತು. ಅದರ ಹತ್ತು ಲಕ್ಷ ಡಾಲರನ್ನೂ ಶಾಲೆಗೇ ಕೊಟ್ಟರು.

ನಮ್ಮ ಮಕ್ಕಳೂ ಪತ್ರ ಬರೆಯುತ್ತಾರೆ. ‘ಇಂದ’, ‘ಗೆ’, ‘ಮಾನ್ಯರೆ’, ‘ವಿಷಯ’, ಕೊನೆಗೆ ‘ಇತಿ ತಮ್ಮ ವಿಶ್ವಾಸಿ’. ಬೀದಿದೀಪ ಹಾಕಿಸಿಕೊಡಿ ಎಂದು ಪಂಚಾಯಿತಿಗೆ ಬರೆದದ್ದು ಪರೀಕ್ಷೆಯ ಉತ್ತರಪತ್ರಿಕೆಯಲ್ಲೇ ಉಳಿದು, ಅಂಕ ಬಿದ್ದಲ್ಲಿಗೆ ಮುಗಿಯುತ್ತದೆ. ಬರೆದದ್ದಕ್ಕೆ ಮರುಮಾತು ಬರುತ್ತದೆ ಎಂಬುದನ್ನೇ ತಿಳಿಯದೆ ನಮ್ಮ ಎಷ್ಟೋ ಮಕ್ಕಳು ಹೈಸ್ಕೂಲು ದಾಟುತ್ತಾರೆ ಎನ್ನುವುದು ನನಗೆ ಸಂಕಟದ ಸಂಗತಿ.

ಪುಸ್ತಕಗಳಾದರೂ ಹತ್ತಿರ ಬಂದಿವೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಿಸಿತು. ಇನ್ನು ಬೇಕಿರುವುದು ಉತ್ತರ ಬರೆಯುವವರು. ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೂ ಮೂರು ವಾರಕ್ಕೆ ಹಂಚಿದರೆ ದಿನಕ್ಕೆ ಎರಡು ಮೂರು ನೋಟ್‌ಬುಕ್ ಅಷ್ಟೇ. ಹುಡುಗಿಯೊಬ್ಬಳು ತೇಜಸ್ವಿಯವರ ‘ಕರ್ವಾಲೊ’ ಓದಿ, ಆ ಹಾರುವ ಓತಿ ಕೊನೆಗೂ ಕೈಗೆ ಸಿಗದೆ ಹೋದದ್ದು ಒಳ್ಳೆಯದೇ ಆಯಿತಲ್ಲವಾ ಮೇಷ್ಟ್ರೇ ಎಂದು ಬರೆದಳು ಎನ್ನಿ. ಉತ್ತರಕ್ಕೆ ನಾಲ್ಕು ಸಾಲು ಸಾಕು. ಆದರೆ ಆ ನಾಲ್ಕು ಸಾಲಿಗಾಗಿ ಮೇಷ್ಟ್ರೂ ‘ಕರ್ವಾಲೊ’ ಓದಿರಬೇಕು. ಬಿಸಿಯೂಟದ ಲೆಕ್ಕ, ಸಮೀಕ್ಷೆ, ಚುನಾವಣೆ ಕೆಲಸಗಳ ನಡುವೆ ಆ ಬಿಡುವನ್ನು ನಾವು ಅವರಿಂದ ಕಿತ್ತುಕೊಂಡು ಬಹಳ ಕಾಲವಾಯಿತು.