ಬೆಟಗೇರಿಯ ಮಗ್ಗವೂ ಕಾಲೇಜಿನ ಬಾಗಿಲೂ

ವಿದ್ಯೆಯು ಸರ್ವಧನಗಳಲ್ಲಿ ಶ್ರೇಷ್ಠವೆಂದು ನಾವು ಮಕ್ಕಳಿಗೆ ಹೇಳುತ್ತ ಬಂದಿರುವೆವು. ಆದರೆ ಆ ಧನವನ್ನು ಸಂಪಾದಿಸಬೇಕಾದರೆ ಮೊದಲು ಬೇರೆ ಧನವು ಬೇಕಾಗುವದೆಂಬದನ್ನು ಮರೆಯುವೆವು. ಕಾಲೇಜಿಗೆ ತೆರುವ ಫೀ ಒಂದೇ ಅಲ್ಲ. ಓದುವವನ ಊಟ, ವಸತಿ, ಪುಸ್ತಕ, ಅವನು ದುಡಿಯದೆ ಕಳೆದ ದಿನಗಳ ಕೂಲಿ, ಇವೆಲ್ಲ ಕೂಡಿಯೇ ಉಚ್ಚಶಿಕ್ಷಣದ ಬೆಲೆಯಾಗುವದು. ಈ ಬೆಲೆಯನ್ನು ಯಾವ ಮನೆಯು ತೆರಬಲ್ಲದು, ಯಾವದು ತೆರಲಾರದು ಎಂಬದನ್ನು ತಿಳಿಯಲು ಬೆಟಗೇರಿಯು ತಕ್ಕ ಊರಾಗಿದೆ.

ಗದಗಿನ ಜೋಡಿ ಊರಾದ ಬೆಟಗೇರಿಯು ಹಿಂದಿನಿಂದಲೂ ನೇಕಾರರ ಊರು. ಕೈಮಗ್ಗದ ಮನೆಯಲ್ಲಿ ನೇಯುವವನು ಒಬ್ಬನಾದರೂ ಕೆಲಸವು ಮನೆಮಂದಿಯೆಲ್ಲರದು. ತಾಯಿಯೂ ಮಕ್ಕಳೂ ಕಂಡಿಕೆ ಸುತ್ತುವರು, ಹಾಸು ಹೂಡಲು ಕೈಗೂಡಿಸುವರು. ನೇಯ್ದ ಸೀರೆಗೆ ಮಜೂರಿಯು ದೊರೆಯುವದೇ ಹೊರತು ಕಂಡಿಕೆ ಸುತ್ತಿದವರಿಗೆ ಬೇರೆ ಪಗಾರವಿಲ್ಲ. ಆದಕಾರಣ ಹದಿನೇಳು ವರುಷದ ಮಗನು ಕಾಲೇಜಿಗೆ ಹೊರಟರೆ ಆ ಮನೆಯಲ್ಲಿ ಖರ್ಚು ಹೆಚ್ಚುವದಲ್ಲದೆ ಎರಡು ಕೈಗಳೂ ಕಡಿಮೆಯಾಗುವವು. ಸಂಬಳದಾರನ ಮನೆಗೆ ಈ ಎರಡನೆಯ ನಷ್ಟವಿಲ್ಲ. ಒಂದೇ ಓಣಿಯ ಇಬ್ಬರು ಹುಡುಗರು ಪರೀಕ್ಷೆಯಲ್ಲಿ ಸಮನಾಗಿ ಅಂಕ ಪಡೆದರೂ ಅವರ ಮುಂದಿನ ಹಾದಿಯು ಸಮನಲ್ಲ.

ಈ ಊರಿಗೆ ಆಧುನಿಕ ಶಿಕ್ಷಣದ ಪರಿಚಯವು ತಡವಾಗಿ ಆಯಿತೆನ್ನುವಂತಿಲ್ಲ. ಬಾಸೆಲ್ ಮಿಶನ್ನಿನವರು 1841ರಲ್ಲಿಯೇ ಬೆಟಗೇರಿಯಲ್ಲಿ ನೆಲೆನಿಂತರು. ಆದರೆ ಕಾಲೇಜು ಮಾತ್ರ ಬಹುದೂರವಿತ್ತು. ಮುಂಬಯಿ ವಿಶ್ವವಿದ್ಯಾಲಯವು 1857ರಲ್ಲಿ ಸ್ಥಾಪಿತವಾಯಿತು; ಧಾರವಾಡದಲ್ಲಿ ಕರ್ನಾಟಕ ಕಾಲೇಜು ಪ್ರಾರಂಭವಾದದ್ದು 1917ರಲ್ಲಿ. ನಡುವಿನ ಅರವತ್ತು ವರುಷ ಈ ಭಾಗದ ಹುಡುಗರು ಪುಣೆ, ಮುಂಬಯಿಗಳಿಗೆ ಹೋಗಿ, ಮರಾಠಿ ಬಳಕೆಯ ಊರಿನಲ್ಲಿ ಇಂಗ್ಲಿಷಿನ ಪಾಠ ಓದಬೇಕಾಗಿತ್ತು. ಆಗ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಅಲ್ಲಿಯ ಒಕ್ಕಲಿಗನ ಮಗನಿಗೆ ತನ್ನ ರಾಜಧಾನಿಯೇ ನೂರು ಮೈಲಿಗಿಂತ ಹೆಚ್ಚು ದೂರವಾಗಿತ್ತು. ಇಷ್ಟು ದೂರ ಮಗನನ್ನು ಕಳುಹಬಲ್ಲವರು ವತನದಾರರು, ವಕೀಲರು, ದೊಡ್ಡ ವ್ಯಾಪಾರಸ್ಥರು ಮಾತ್ರ.

ಧಾರವಾಡಕ್ಕೆ ಕಾಲೇಜು ಬಂದ ಮೇಲೂ ಬಡವನಿಗೆ ಅದು ತಾನಾಗಿ ದಕ್ಕಲಿಲ್ಲ. ಪರಸ್ಥಳದಲ್ಲಿ ಎರಡು ಹೊತ್ತಿನ ಅನ್ನವೇ ದೊಡ್ಡ ಪ್ರಶ್ನೆಯಾಗಿತ್ತು. ವಾರಾನ್ನದಿಂದ ಅನೇಕರು ಓದಿ ಮುಂದೆ ಬಂದರು, ನಿಜ. ಆದರೆ ಯಾರ ಮನೆಯ ಪಂಕ್ತಿಯಲ್ಲಿ ಯಾರು ಕೂಡ್ರಬಹುದೆಂಬದನ್ನು ಅಂದು ಜಾತಿಯೇ ನಿಶ್ಚಯಿಸುತ್ತಿತ್ತು. ಈ ಕೊರತೆಯನ್ನು ನೀಗಿದ್ದು ವಸತಿಗೃಹಗಳು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ನಡೆಸಿದ ಉಚಿತ ಪ್ರಸಾದನಿಲಯದಿಂದ ಹಳ್ಳಿಯ ಎಷ್ಟೋ ಹುಡುಗರು ಪದವೀಧರರಾದರು. 1928ರ ಸುಮಾರಿಗೆ ಡಾ. ಅಂಬೇಡಕರರ ಪ್ರಯತ್ನದಿಂದ ದಲಿತ ವರ್ಗದ ಹೈಸ್ಕೂಲು ವಿದ್ಯಾರ್ಥಿಗಳಿಗಾಗಿ ಏರ್ಪಟ್ಟ ವಸತಿಗೃಹಗಳಲ್ಲಿ ಧಾರವಾಡದ್ದೂ ಒಂದು. ಕಟ್ಟಡವು ಕಾಲೇಜನ್ನು ನಿರ್ಮಿಸಿದರೆ, ಅದರೊಳಗೆ ಬಡವನನ್ನು ಕೂಡ್ರಿಸಿದ್ದು ಅನ್ನವೆಂದೇ ಹೇಳಬೇಕು.

ಸ್ವಾತಂತ್ರ್ಯಾನಂತರ ಕಾಯದೆಯೂ ಈ ಕಾರ್ಯಕ್ಕೆ ಕೈಹಾಕಿತು. 1951ರಲ್ಲಿ ರಾಜ್ಯಘಟನೆಗೆ ಮಾಡಿದ ತಿದ್ದುಪಡಿಯಿಂದ ಹಿಂದುಳಿದವರಿಗೆ ವಿದ್ಯಾಲಯಗಳಲ್ಲಿ ವಿಶೇಷ ಅವಕಾಶ ಕೊಡಲು ಸರಕಾರಕ್ಕೆ ಅಧಿಕಾರ ಬಂದಿತು. 1962ರಲ್ಲಿ ಮೈಸೂರು ಸರಕಾರವು ಇಂಜಿನಿಯರಿಂಗ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ಶೇಕಡಾ 68 ಸ್ಥಾನಗಳನ್ನು ಕಾಯ್ದಿರಿಸಿದಾಗ, ಅದು ಮಿತಿ ಮೀರಿತೆಂದು ಸರ್ವೋಚ್ಚ ನ್ಯಾಯಾಲಯವು ಬಾಲಾಜಿ ಮೊಕದ್ದಮೆಯಲ್ಲಿ ತಳ್ಳಿಹಾಕಿತು. ಬಳಿಕ ಎಲ್. ಜಿ. ಹಾವನೂರರ ಆಯೋಗವು 1975ರಲ್ಲಿ ವರದಿಯನ್ನೊಪ್ಪಿಸಿತು. ದೇವರಾಜ ಅರಸರ ಸರಕಾರವು 1977ರಲ್ಲಿ ಅದರ ಆಧಾರದಿಂದ ಮೀಸಲಾತಿಯನ್ನು ಜಾರಿಗೆ ತಂದಿತು. ನೇಕಾರ ಸಮಾಜಗಳೂ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಸ್ಥಾನ ಪಡೆದಿವೆ.

ಗಡಿಯ ಗೆರೆಯೂ ಭೇದವನ್ನುಂಟುಮಾಡುವದು. ಮುಂಡರಗಿಯಿಂದ ಮೂಡಲಿಗೆ ಹೋದರೆ ಸ್ವಲ್ಪ ದೂರದಲ್ಲಿಯೇ ಕೊಪ್ಪಳ ಜಿಲ್ಲೆ. ನಿಜಾಮರ ಆಳಿಕೆಯಲ್ಲಿ ಬಹುಕಾಲ ಹಿಂದುಳಿದ ಆ ಭಾಗಕ್ಕೆ ರಾಜ್ಯಘಟನೆಯ 371-ಜೆ ಕಲಮಿನಿಂದ 2013ರಲ್ಲಿ ವಿಶೇಷ ಸೌಲಭ್ಯಗಳು ದೊರೆತವು. ಅಲ್ಲಿಯ ವಿದ್ಯಾಸಂಸ್ಥೆಗಳಲ್ಲಿ ಶೇಕಡಾ 70 ಸ್ಥಾನಗಳು ಆ ಭಾಗದವರಿಗೇ ಮೀಸಲು. ಅದು ನ್ಯಾಯವೇ ಸರಿ. ಆದರೆ ಅದೇ ಮಳೆ, ಅದೇ ಬೆಳೆ, ಅದೇ ಬಡತನವನ್ನು ಕಂಡ ಮುಂಡರಗಿಯ ಹುಡುಗನು ಈ ಸೌಲಭ್ಯದ ಹೊರಗುಳಿದಿರುವನು.

ಇಂದು ಗದಗಿನಲ್ಲಿ ಪದವಿ ಕಾಲೇಜುಗಳಿಗೆ ಕೊರತೆಯಿಲ್ಲ. ವೈದ್ಯಕೀಯ ಕಾಲೇಜಿದೆ, 2016ರಲ್ಲಿ ಸ್ಥಾಪಿತವಾದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯವೂ ಇದೆ. 2023ರ ಜೂನ್ ತಿಂಗಳಿಂದ ಸರಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣವು ಉಚಿತವಾದ್ದರಿಂದ ಲಕ್ಷ್ಮೇಶ್ವರದ ಹುಡುಗಿಯೂ ದಿನಾಲು ಗದಗಿಗೆ ಬಂದು ಓದಬಹುದು. ಆದರೂ ದೇಶದ ಲೆಕ್ಕವನ್ನು ನೋಡಿರಿ: 2021-22ರಲ್ಲಿ 18ರಿಂದ 23 ವರುಷದ ನೂರು ಜನರಿಗೆ ಉಚ್ಚಶಿಕ್ಷಣದಲ್ಲಿದ್ದವರು ಸುಮಾರು 28, ಪರಿಶಿಷ್ಟ ಜಾತಿಗಳಲ್ಲಿ 26, ಪರಿಶಿಷ್ಟ ಪಂಗಡಗಳಲ್ಲಿ 21. ಬಾಗಿಲು ಹತ್ತಿರ ಬಂದರೂ ಹೊಸಿಲು ಎಲ್ಲರಿಗೂ ಒಂದೇ ಎತ್ತರವಾಗಿಲ್ಲ.

ಹಾಗಾದರೆ ಗೃಹಸ್ಥರಾದ ನಾವು ಮಾಡತಕ್ಕದ್ದೇನು? ಸರಕಾರದ ಶಿಷ್ಯವೃತ್ತಿಗಳಿವೆ, ಊಟ ವಸತಿಗೆಂದು ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಸಹಾಯಧನ ಕೊಡುವ ವಿದ್ಯಾಸಿರಿ ಯೋಜನೆಯೂ ಇದೆ. ಆದರೆ ಅರ್ಜಿಯನ್ನು ಎಂದು, ಎಲ್ಲಿ, ಯಾವ ಕಾಗದಗಳೊಡನೆ ಕೊಡಬೇಕೆಂಬದು ತಂದೆತಾಯಿಗಳು ಓದಿರದ ಮನೆಗೆ ತಿಳಿಯುವದು ಕಷ್ಟ. ಓದಿದವನು ನೆರೆಮನೆಯ ಹುಡುಗನಿಗೆ ಒಂದು ಸಂಜೆ ಕುಳಿತು ಅರ್ಜಿ ತುಂಬಿಕೊಟ್ಟರೆ ಅದು ದಾನಕ್ಕಿಂತ ಕಡಿಮೆಯದಲ್ಲ. ಮದುವೆ ಮುಂಜಿವೆಗಳ ವೆಚ್ಚದಲ್ಲಿ ಒಂದಂಶವನ್ನು ವಸತಿಗೃಹದ ಒಬ್ಬ ವಿದ್ಯಾರ್ಥಿಯ ಊಟಕ್ಕೆ ಮೀಸಲಿಡುವದೂ ಅಸಾಧ್ಯವಲ್ಲ. ಎಲ್ಲಕ್ಕೂ ಮೊದಲು, ಮಗನಿಗೆ ಕೊಟ್ಟಷ್ಟೇ ಓದಿನ ವರುಷಗಳನ್ನು ಮಗಳಿಗೂ ಕೊಡಬೇಕು. ಮನೆಯಲ್ಲಿ ಕೈ ಕಡಿಮೆಯಾದಾಗ ಮೊದಲು ಶಾಲೆ ಬಿಡಿಸುವದು ಅವಳನ್ನೇ.

ನಮ್ಮ ಹಿರಿಯರು ಮುಷ್ಟಿ ಜೋಳ ಕೂಡಿಸಿ ಪರರ ಮಕ್ಕಳನ್ನು ಓದಿಸಿದರು. ಅವರಿಗಿಂತ ನಾವು ಬಡವರಲ್ಲ. ಬೆಟಗೇರಿಯ ಮಗ್ಗದ ಮುಂದೆ ಕಂಡಿಕೆ ಸುತ್ತುತ್ತಿರುವ ಬುದ್ಧಿವಂತ ಹುಡುಗಿಯು ಬರುವ ವರುಷ ಕಾಲೇಜಿಗೆ ಹೋಗುವಳೋ ಇಲ್ಲವೋ ಎಂಬದು ಅವಳ ಬುದ್ಧಿಗಿಂತ ಹೆಚ್ಚಾಗಿ ನಮ್ಮ ಮನಸ್ಸನ್ನು ಅವಲಂಬಿಸಿದೆ.