ಹಳೇ ಮಿನಿ ಟ್ರ್ಯಾಕ್ಟರ್: ಕೊಳ್ಳುವ ಮುನ್ನ, ಕೊಂಡ ಮೇಲೆ



ಇತ್ತೀಚೆಗೆ ಯಾವ ಸಂಘದ ಸಭೆಗೆ ಹೋದರೂ ಒಂದು ಪ್ರಶ್ನೆ ನಮಗೆ ಎದುರಾಗುತ್ತಿದೆ. "ಸಿಸ್ಟರ್, ಕೂಲಿಯವರು ಸಿಗ್ತಿಲ್ಲ, ಎತ್ತು ಸಾಕೋ ಶಕ್ತಿ ಇಲ್ಲ. ಹದ ಬಂದಾಗ ಬಾಡಿಗೆ ಟ್ರ್ಯಾಕ್ಟರ್ ದೊಡ್ಡ ಹೊಲದವರಿಗೇ ಮೊದಲು ಹೋಗ್ತದೆ. ಸಂಘದಿಂದಲೇ ಒಂದು ಹಳೇ ಮಿನಿ ಟ್ರ್ಯಾಕ್ಟರ್ ತಗೊಂಡ್ರೆ ಹೇಗೆ?"

ಆಸೆ ತಪ್ಪಲ್ಲ. ಕಡೂರು, ಅರಸೀಕೆರೆ ಕಡೆಯ ತೆಂಗು ಅಡಿಕೆ ತೋಟಗಳ ಸಾಲಿನ ನಡುವೆ ದೊಡ್ಡ ಟ್ರ್ಯಾಕ್ಟರ್ ಸಲೀಸಾಗಿ ತಿರುಗುವುದಿಲ್ಲ. ಹದಿನೈದರಿಂದ ಇಪ್ಪತ್ತೈದು ಎಚ್.ಪಿ.ಯ ಸಣ್ಣ ಗಾಡಿ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು, ಎರಡು ಎಕರೆಯ ರಾಗಿ ಹೊಲಕ್ಕೂ ಸಾಕು. ಹೊಸದಕ್ಕೆ ಕೈಯಲ್ಲಿ ದುಡ್ಡಿಲ್ಲ, ಆದ್ದರಿಂದ ಹಳೆಯದರ ಕಡೆ ಮನಸ್ಸು ಹೋಗುವುದು ಸಹಜ.

ಆದರೆ ನಾವು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಮೊದಲು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಒಂದು ಸಂಘದ ಹನ್ನೆರಡು ಜನ ಉಳಿತಾಯದ 90 ಸಾವಿರ, ಬ್ಯಾಂಕಿನ ಸಾಲ 1 ಲಕ್ಷ 20 ಸಾವಿರ ಸೇರಿಸಿ ಹಳೇ ಗಾಡಿ ಒಂದನ್ನು ತಂದರು. ನಾವೂ ಹೋಗಿದ್ದೆವು. ಚೆಂಡುಹೂವಿನ ಹಾರ ಹಾಕಿ ಪೂಜೆ ಮಾಡಿದರು, ನಾವು ಪ್ರಾರ್ಥನೆ ಮಾಡಿದೆವು, ಎಲ್ಲರಿಗೂ ಮಂಡಕ್ಕಿ ಹಂಚಿದ್ದಾಯಿತು. ಕಾಗದವನ್ನು ಮಾತ್ರ ಯಾರೂ ಸರಿಯಾಗಿ ನೋಡಲಿಲ್ಲ. ಏಳು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಫೈನಾನ್ಸ್‌ನವರು ಬಂದು, ಹಿಂದಿನ ಮಾಲೀಕ ಸಾಲ ಕಟ್ಟಿಲ್ಲ ಎಂದು ಗಾಡಿಯನ್ನು ಸೀಜ್ ಮಾಡಿಕೊಂಡು ಹೋದರು. ಬ್ಯಾಂಕಿನ ಸಾಲದ ಕಂತು ಮಾತ್ರ ಸಂಘದ ತಲೆ ಮೇಲೆ ಉಳಿಯಿತು. ಓದಿಕೊಂಡ ನಾವೇ ಅಂದು ಕೇಳಬೇಕಿತ್ತು, ಕೇಳಲಿಲ್ಲ. ಇನ್ನೊಂದು ಸಂಘಕ್ಕೆ ಹಾಗಾಗಬಾರದೆಂದು ಇದನ್ನು ಬರೆಯುತ್ತಿದ್ದೇವೆ.

1. ಮೊದಲು ಗಂಟೆ ಎಣಿಸಿ

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿ ಶುಭಸಂದೇಶದಲ್ಲಿ ತಿಳಿಸಿದ್ದಾರೆ. ಟ್ರ್ಯಾಕ್ಟರ್‌ಗೂ ಅದೇ ಬುದ್ಧಿ ಬೇಕು. ಗಾಡಿಯ ಬೆಲೆ ಎಷ್ಟು ಎಂದು ಕೇಳುವ ಮೊದಲು, ವರ್ಷಕ್ಕೆ ನಮಗೆ ಎಷ್ಟು ಗಂಟೆ ಕೆಲಸ ಇದೆ ಎಂದು ಕೇಳಿಕೊಳ್ಳಿ.

ಒಂದು ಉದಾಹರಣೆ ನೋಡೋಣ. ನಿಮ್ಮೂರಿನ ದರ ಬೇರೆ ಇರಬಹುದು, ಅದನ್ನೇ ಹಾಕಿಕೊಳ್ಳಿ. ಗಾಡಿಗೆ 2,40,000 ರೂಪಾಯಿ ಕೊಟ್ಟಿರಿ ಎಂದಿಟ್ಟುಕೊಳ್ಳಿ. ಗಂಟೆಗೆ ಬಾಡಿಗೆ 700 ರೂಪಾಯಿ. ಅದರಲ್ಲಿ ಡೀಸೆಲ್‌ಗೆ 250, ಓಡಿಸುವವರಿಗೆ 120, ರಿಪೇರಿ ನಿಧಿಗೆ 150 ತೆಗೆದಿಟ್ಟರೆ ಕೈಯಲ್ಲಿ ಉಳಿಯುವುದು 180 ರೂಪಾಯಿ. ವರ್ಷಕ್ಕೆ 200 ಗಂಟೆ ಓಡಿದರೆ 36,000 ರೂಪಾಯಿ ಆಯಿತು. ಬಡ್ಡಿ, ವಿಮೆ ಎಲ್ಲ ಬಿಟ್ಟರೂ ಹಾಕಿದ ಹಣ ಮರಳಿ ಬರಲು ಆರೂವರೆ ವರ್ಷಕ್ಕಿಂತ ಹೆಚ್ಚು ಬೇಕು! ಅದೇ ಗಾಡಿ 500 ಗಂಟೆ ಓಡಿದರೆ 90,000 ರೂಪಾಯಿ. ಮೂರು ವರ್ಷದೊಳಗೆ ಅಸಲು ಬರುತ್ತದೆ.

ನೋಡಿದಿರಾ? ಬೆಲೆ ಅದೇ, ಗಾಡಿ ಅದೇ. ವ್ಯತ್ಯಾಸ ಮಾಡುವುದು ಗಂಟೆ. ಆದ್ದರಿಂದ ಸದಸ್ಯೆಯರ ಹೊಲ ತೋಟ ಎಷ್ಟು, ಯಾವ ತಿಂಗಳಲ್ಲಿ ಎಷ್ಟು ಗಂಟೆ ಕೆಲಸ, ಅಕ್ಕಪಕ್ಕದವರು ನಿಜವಾಗಿ ಕರೆಯುತ್ತಾರೆಯೇ ಎಂದು ಬರೆದು ಕೂಡಿಸಿ. ಗಂಟೆ ಕಡಿಮೆ ಬಂದರೆ ಬೇಸರ ಬೇಡ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತದೆಯೇ ವಿಚಾರಿಸಿ. ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದ ಬಗ್ಗೆಯೂ ಕೇಳಿ. ಆದರೆ ಸಹಾಯಧನ ಹೊಸ ಯಂತ್ರಕ್ಕೆ ಮಾತ್ರ, ಹಳೆಯದಕ್ಕೆ ಸಿಗುವುದಿಲ್ಲ ಎಂಬುದು ನೆನಪಿರಲಿ.

2. ಕಾಗದ ನೋಡದೆ ಮುಂಗಡ ಕೊಡಬೇಡಿ

"ಇವತ್ತು ಅಡ್ವಾನ್ಸ್ ಕೊಡದಿದ್ರೆ ನಾಳೆ ಬೇರೆಯವರು ಹೊಡ್ಕೊಂಡು ಹೋಗ್ತಾರೆ" ಎಂದು ದಲ್ಲಾಳಿ ಹೇಳಿಯೇ ಹೇಳುತ್ತಾನೆ. ಹೋದರೆ ಹೋಗಲಿ. ಈ ಕೆಳಗಿನವು ಸಿಗುವ ತನಕ ಒಂದು ರೂಪಾಯಿಯನ್ನೂ ಕೊಡಬೇಡಿ.

ಅ) ಮೂಲ ಆರ್.ಸಿ.: ಜೆರಾಕ್ಸ್ ಸಾಲದು. ಅದರಲ್ಲಿರುವ ಚಾಸಿಸ್ ನಂಬರ್, ಇಂಜಿನ್ ನಂಬರ್‌ಗಳನ್ನು ಗಾಡಿಯ ಮೇಲೆ ಕೊರೆದಿರುವುದರ ಜೊತೆ ಒಂದೊಂದೇ ಅಂಕಿಯಾಗಿ ಹೋಲಿಸಿ. ನೋಂದಣಿಯ ಅವಧಿ ಹದಿನೈದು ವರ್ಷ. ಅದು ಮುಗಿದಿದ್ದರೆ ನವೀಕರಣ ಆಗಿದೆಯೇ ಕೇಳಿ.

ಆ) ಸಾಲ ತೀರಿದ ಪತ್ರ: ಆರ್.ಸಿ.ಯಲ್ಲಿ ಬ್ಯಾಂಕಿನ ಅಥವಾ ಫೈನಾನ್ಸ್‌ನ ಹೆಸರಿದ್ದರೆ ಗಾಡಿ ಇನ್ನೂ ಅಡವಿನಲ್ಲಿದೆ ಎಂದೇ ಅರ್ಥ. ಸಾಲ ಕೊಟ್ಟವರ ಎನ್.ಒ.ಸಿ. ಮತ್ತು ಫಾರಂ 35 ಕೊಟ್ಟು ಆ ಹೆಸರನ್ನು ತೆಗೆಸಿದ ಮೇಲೆಯೇ ವ್ಯಾಪಾರ. ಅನುಮಾನವಿದ್ದರೆ ಆರ್.ಟಿ.ಒ. ಕಚೇರಿಯಲ್ಲಿ ಬಿ ಎಕ್ಸ್‌ಟ್ರಾಕ್ಟ್ ಕೇಳಿ ಪಡೆಯಿರಿ. ನಾವು ಹೇಳಿದ ಸಂಘ ಇದೊಂದು ಕೆಲಸ ಮಾಡಿದ್ದರೆ ಗಾಡಿ ಉಳಿಯುತ್ತಿತ್ತು.

ಇ) ಹೆಸರು ಬದಲಾವಣೆ: ಫಾರಂ 29 ಮತ್ತು 30ಕ್ಕೆ ಮಾರುವವರ ಸಹಿ ಅಂದೇ ಆಗಲಿ. ಕೊಂಡ 30 ದಿನದೊಳಗೆ ಆರ್.ಟಿ.ಒ.ಗೆ ಅರ್ಜಿ ಕೊಡಬೇಕು. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ವಿಮಾ ಕಂಪನಿಗೆ ಬರೆಯಬೇಕು. ಟ್ರೇಲರ್ ಇದ್ದರೆ ಅದರ ಕಾಗದವೂ ಬೇರೆಯೇ ಇರುತ್ತದೆ, ಅದನ್ನೂ ಕೇಳಿ.

ಆರ್.ಸಿ. ಯಾರ ಹೆಸರಿಗೆ? ಇದೇ ಕಷ್ಟದ ಪ್ರಶ್ನೆ. ನಮ್ಮ ಹೆಚ್ಚಿನ ಸಂಘಗಳು ನೋಂದಣಿಯಾದವಲ್ಲ, ಆದ್ದರಿಂದ ಸಾಮಾನ್ಯವಾಗಿ ಒಬ್ಬರ ಹೆಸರಿಗೇ ಮಾಡಿಸಬೇಕಾಗುತ್ತದೆ. ಹಾಗಾದಾಗ "ನಮ್ಮ ಯಜಮಾನ್ರ ಹೆಸರಿಗೇ ಇರಲಿ ಬಿಡಿ" ಎಂಬ ಮಾತು ಬಂದೇ ಬರುತ್ತದೆ. ಬೇಡ. ಸದಸ್ಯೆಯೊಬ್ಬರ ಹೆಸರಿಗೇ ಇರಲಿ. ಗಾಡಿ ಎಲ್ಲರದು, ಯಾರ ಪಾಲು ಎಷ್ಟು, ಒಬ್ಬರು ಸಂಘ ಬಿಟ್ಟರೆ ಅವರ ಪಾಲು ಏನಾಗುತ್ತದೆ ಎಂದು ಛಾಪಾ ಕಾಗದದ ಮೇಲೆ ಬರೆದು ಎಲ್ಲರೂ ಸಹಿ ಮಾಡಿ, ನಿರ್ಣಯ ಪುಸ್ತಕದಲ್ಲೂ ದಾಖಲಿಸಿ. ಹೆಸರು ಕೊಟ್ಟ ಅಕ್ಕನ ಮೇಲೆ ಹೊಣೆಯೂ ಬೀಳುತ್ತದೆ. ಅಪಘಾತವಾದಾಗ ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನಲ್ಲಿ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆದ್ದರಿಂದ ವಿಮೆಯ ದಿನಾಂಕ ತಪ್ಪಿದರೆ ಅದು ಇಡೀ ಸಂಘ ಆ ಒಬ್ಬಳಿಗೆ ಮಾಡಿದ ಅನ್ಯಾಯ.

3. ಎತ್ತಿನ ಹಲ್ಲು ನೋಡಿದ ಹಾಗೆ

ಎತ್ತು ಕೊಳ್ಳುವಾಗ ಹಲ್ಲು, ಸುಳಿ, ನಡಿಗೆ ಎಲ್ಲ ನೋಡಿದವರು ನೀವು. ಟ್ರ್ಯಾಕ್ಟರ್‌ನ ಹೊಳೆಯುವ ಬಣ್ಣ ಎತ್ತಿನ ಕೊಂಬಿಗೆ ಬಳಿದ ಬಣ್ಣದಂತೆ. ಅದಕ್ಕೆ ಮರುಳಾಗಬೇಡಿ. ನಿಮಗೆ ನಂಬಿಕೆಯಿರುವ ಮೆಕ್ಯಾನಿಕ್ ಒಬ್ಬರಿಗೆ ಕೂಲಿ ಕೊಟ್ಟು ಕರೆದುಕೊಂಡು ಹೋಗಿ. ದಲ್ಲಾಳಿ ಕರೆತಂದ ಮೆಕ್ಯಾನಿಕ್ ಬೇಡ. ಜೊತೆಗೆ ನೀವೇ ಇಷ್ಟನ್ನು ನೋಡಬಹುದು:

• ಹೋದ ತಕ್ಷಣ ಇಂಜಿನ್ ಮೇಲೆ ಕೈಯನ್ನು ಹತ್ತಿರ ಹಿಡಿದು ನೋಡಿ. ಬಿಸಿಯಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ. ತಣ್ಣಗಿರುವ ಗಾಡಿ ಹೇಗೆ ಸ್ಟಾರ್ಟ್ ಆಗುತ್ತದೆ ಎಂಬುದನ್ನೇ ನಾವು ನೋಡಬೇಕು. ಆರಿದ ಮೇಲೆ ಮತ್ತೆ ಬರುತ್ತೇವೆ ಎನ್ನಿ.
• ಎಣ್ಣೆ ನೋಡುವ ಕಡ್ಡಿ ಎಳೆದು ನೋಡಿ. ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಒಳಗೆ ನೀರು ಸೇರಿದೆ. ಆ ಗಾಡಿ ಬೇಡ.
• ಹೊಗೆ ನೋಡಿ. ನೀಲಿ ಹೊಗೆ ನಿಲ್ಲದೆ ಬಂದರೆ ಇಂಜಿನ್ ಎಣ್ಣೆ ಕುಡಿಯುತ್ತಿದೆ. ಲೋಡ್ ಇಲ್ಲದೆಯೂ ಕಪ್ಪು ಹೊಗೆ ಬಂದರೆ ಗಾಳಿ ಫಿಲ್ಟರ್ ಕಟ್ಟಿದೆ ಅಥವಾ ಡೀಸೆಲ್ ಹೆಚ್ಚು ಹೋಗುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಮೆಕ್ಯಾನಿಕ್ ಬಳಿ ಕೇಳಿ.
• ರೋಟಾವೇಟರ್ ಕಟ್ಟಿ ಮೇಲಕ್ಕೆ ಎತ್ತಿಸಿ. ಇಂಜಿನ್ ನಿಲ್ಲಿಸಿ ಸ್ವಲ್ಪ ದೂರ ನಿಂತು ನೋಡಿ. ನೋಡುತ್ತಿದ್ದಂತೆಯೇ ಕೆಳಗೆ ಇಳಿದರೆ ಹೈಡ್ರಾಲಿಕ್ ರಿಪೇರಿಗೆ ಬಂದಿದೆ.
• ಅವರ್ ಮೀಟರ್‌ನಲ್ಲಿ ಗಂಟೆ ಕಡಿಮೆ ತೋರಿಸಿದರೂ ಕ್ಲಚ್, ಬ್ರೇಕ್ ಪೆಡಲ್ ಸವೆದು ನುಣುಪಾಗಿದ್ದರೆ ಪೆಡಲ್ ಹೇಳುವುದನ್ನೇ ನಂಬಿ.
• ಹೊಲದಲ್ಲಿ ಅರ್ಧ ಗಂಟೆ ಉಳುಮೆ ಮಾಡಿಸಿ. ನಿಂತಲ್ಲೇ ಗುರ್ ಅನ್ನಿಸಿದ ಗಾಡಿಗೆ ದುಡ್ಡು ಕೊಡಬೇಡಿ.
• ಆ ಕಂಪನಿಯ ಬಿಡಿಭಾಗ ನಿಮ್ಮ ತಾಲ್ಲೂಕು ಪೇಟೆಯಲ್ಲಿ ಸಿಗುತ್ತದೆಯೇ? ಅಂಗಡಿಗೆ ಹೋಗಿ ಕೇಳಿ. ಹದದ ದಿನಗಳಲ್ಲಿ ಒಂದು ಸಣ್ಣ ಸಾಮಾನಿಗಾಗಿ ವಾರ ಕಾದರೆ ಬಿತ್ತನೆಯೇ ಹೋಗುತ್ತದೆ.

4. ಎಲ್ಲರದು ಎಂದರೆ ಯಾರದೂ ಅಲ್ಲ

ಹಳೇ ಗಾಡಿ ಕೆಡುವುದು ಹಳೆಯದಾಗಿದ್ದಕ್ಕಲ್ಲ. ನಮ್ಮ ಅನುಭವದಲ್ಲಿ, ಅದನ್ನು ನೋಡಿಕೊಳ್ಳುವುದು ಇಂಥವರ ಕೆಲಸ ಎಂದು ಗೊತ್ತುಮಾಡದೆ ಇದ್ದದ್ದಕ್ಕೆ. ಮನೆಯ ಹಸುವಿಗೆ ಹೊತ್ತು ಹೊತ್ತಿಗೆ ಹುಲ್ಲು ಬೀಳುತ್ತದೆ. ಹನ್ನೆರಡು ಜನರ ಗಾಡಿಗೆ "ಅವಳು ಎಣ್ಣೆ ನೋಡಿರ್ತಾಳೆ" ಎಂದು ಹನ್ನೆರಡು ಜನರೂ ಅಂದುಕೊಳ್ಳುತ್ತಾರೆ.

ಗಾಡಿ ಕಳೆದುಕೊಂಡ ಆ ಸಂಘ ಒಡೆಯಲಿಲ್ಲ. ಕಷ್ಟಪಟ್ಟು ಸಾಲ ತೀರಿಸಿ, ಮತ್ತೊಂದು ಗಾಡಿ ತಂದರು. ಈ ಸಲ ಮೂವರಿಗೆ ಕೆಲಸ ಹಂಚಿದರು. ಊರಿನವರು ಅವರನ್ನು ಈಗ ಕಾಗದದ ಅಕ್ಕ, ಎಣ್ಣೆ ಅಕ್ಕ, ಲೆಕ್ಕದ ಅಕ್ಕ ಎಂದೇ ಕರೆಯುತ್ತಾರೆ!

ಕಾಗದದ ಅಕ್ಕ ವಿಮೆ, ಆರ್.ಸಿ. ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಮಾಡುತ್ತಾರೆ. ಓಡಿಸುವವರ ಲೈಸೆನ್ಸ್ ನೋಡುವುದೂ ಅವರ ಕೆಲಸ.

ಎಣ್ಣೆ ಅಕ್ಕ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು ಹತ್ತು ನಿಮಿಷ ಕೊಡುತ್ತಾರೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಎಣ್ಣೆ, ತಣ್ಣಗಿರುವಾಗಲೇ ರೇಡಿಯೇಟರ್ ನೀರು, ಚಕ್ರದ ನಟ್ಟು, ಗಾಳಿ, ಗಾಡಿಯ ಕೆಳಗೆ ನೆಲದ ಮೇಲೆ ಎಣ್ಣೆ ಸೋರಿದ ಗುರುತು, ಇಷ್ಟೇ. ಬಿಸಿ ರೇಡಿಯೇಟರ್‌ನ ಮುಚ್ಚಳ ಎಂದೂ ತೆಗೆಯಬಾರದು, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಗಾಳಿ ಫಿಲ್ಟರ್ ಬಗ್ಗೆ ವಿಶೇಷ ಗಮನ ಬೇಕು. ನಮ್ಮ ಬಯಲು ಸೀಮೆಯ ಧೂಳು ಇಂಜಿನ್‌ನ ಒಳಗೆ ಹೋದರೆ ಅರದಂತೆ ತಿಕ್ಕಿ ಸವೆಸುತ್ತದೆ. ಬೇಸಿಗೆ ಉಳುಮೆಯ ದಿನಗಳಲ್ಲಿ ಅದನ್ನು ದಿನವೂ ನೋಡಬೇಕು. ಗ್ರೀಸ್, ಬ್ಯಾಟರಿ ವಾರಕ್ಕೊಮ್ಮೆ. ಇಂಜಿನ್ ಎಣ್ಣೆ ಮತ್ತು ಅದರ ಫಿಲ್ಟರನ್ನು ಕೈಪಿಡಿಯಲ್ಲಿ ಹೇಳಿದಷ್ಟು ಗಂಟೆಗೆ ಬದಲಿಸಬೇಕು. ಅನೇಕ ಗಾಡಿಗಳಿಗೆ ಇದು 250 ಗಂಟೆ, ಕೆಲವಕ್ಕೆ ಇನ್ನೂ ಬೇಗ. ಕೊಂಡ ಹೊಸತರಲ್ಲಂತೂ, ಹಿಂದಿನವರು ಯಾವಾಗ ಬದಲಿಸಿದರೋ ಗೊತ್ತಿರುವುದಿಲ್ಲ, ಆದ್ದರಿಂದ ಮೊದಲ ದಿನವೇ ಬದಲಿಸಿ ಅಲ್ಲಿಂದ ಗಂಟೆ ಎಣಿಸಿ. ಡೀಸೆಲ್ ಪೂರ್ತಿ ಮುಗಿಯಲು ಬಿಡಬೇಡಿ. ಪೈಪಿನೊಳಗೆ ಗಾಳಿ ಹಿಡಿದರೆ ಅದನ್ನು ತೆಗೆಯುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ.

ಲೆಕ್ಕದ ಅಕ್ಕ ಒಂದು ಪುಸ್ತಕ ಇಡುತ್ತಾರೆ. ದಿನಾಂಕ, ಯಾರ ಹೊಲ, ಶುರುವಾದ ಗಂಟೆ, ಮುಗಿದ ಗಂಟೆ, ಹಾಕಿದ ಡೀಸೆಲ್, ಬಂದ ಬಾಡಿಗೆ, ಸಹಿ. ಸದಸ್ಯೆಯರ ಹೊಲಕ್ಕೂ ಬಾಡಿಗೆ ಉಂಟು. ಬೇಕಾದರೆ ದರ ಸ್ವಲ್ಪ ಕಡಿಮೆ ಮಾಡಿ, ಪುಕ್ಕಟೆ ಮಾತ್ರ ಬೇಡ. ರಿಪೇರಿ ನಿಧಿಯ ಹಣವನ್ನು ಸಾಲವಾಗಿ ಯಾರಿಗೂ ಕೊಡಬಾರದು. ಒಂದು ಹೊಲಕ್ಕೆ ಡೀಸೆಲ್ ಎಂದಿಗಿಂತ ಹೆಚ್ಚು ಬಿದ್ದರೆ, ಇಂಜಿನ್‌ಗೆ ಕಾಯಿಲೆ ಇದೆಯೋ, ಡೀಸೆಲ್ ಬೇರೆ ಕಡೆ ಹೋಗುತ್ತಿದೆಯೋ ಎಂಬುದನ್ನು ಈ ಪುಸ್ತಕವೇ ಹೇಳುತ್ತದೆ.

5. ಸೆರಗು, ಜಡೆ, ವೇಲ್ ಜೋಪಾನ

ಕೊನೆಯದಾಗಿ ಜೀವದ ಮಾತು. ಗಾಡಿಯ ಹಿಂದೆ ರೋಟಾವೇಟರ್ ತಿರುಗಿಸುವ ಕಬ್ಬಿಣದ ದಂಡಕ್ಕೆ ಪಿ.ಟಿ.ಒ. ಶಾಫ್ಟ್ ಎನ್ನುತ್ತಾರೆ. ಅದು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಎಂದರೆ ಒಂದು ಸೆಕೆಂಡಿಗೆ ಒಂಬತ್ತು ಸುತ್ತು. ಸೆರಗಿನ ತುದಿ ಸಿಕ್ಕಿದರೆ "ಅಯ್ಯೋ" ಎನ್ನುವಷ್ಟರಲ್ಲಿ ಮೈಯನ್ನೇ ಎಳೆದುಕೊಳ್ಳುತ್ತದೆ. ನಮ್ಮ ಸದಸ್ಯೆಯೊಬ್ಬರ ಸೆರಗು ಹಾಗೆ ಸಿಕ್ಕಿತ್ತು. ಹಳೇ ಸೀರೆ, ಹರಿದುಹೋಯಿತು, ಅದರಿಂದ ಜೀವ ಉಳಿಯಿತು. "ಹೊಸ ಸೀರೆ ಉಟ್ಟಿದ್ರೆ ನಾನು ಇರ್ತಿರಲಿಲ್ಲ ಸಿಸ್ಟರ್" ಎಂದು ಅವರು ಇಂದಿಗೂ ಹೇಳುತ್ತಾರೆ.

ಶಾಫ್ಟ್‌ನ ಮೇಲಿನ ಕವಚ ಇಲ್ಲದೆ ಗಾಡಿ ಓಡಿಸಬೇಡಿ. ಹಳೇ ಗಾಡಿಗಳಲ್ಲಿ ಅದು ಮುರಿದುಹೋಗಿರುತ್ತದೆ, ಮೊದಲು ಅದನ್ನು ಹಾಕಿಸಿ. ಸೆರಗು ಸಿಕ್ಕಿಸಿ, ಜಡೆ ಕಟ್ಟಿ, ವೇಲ್ ತೆಗೆದಿಡಿ. ರೋಟಾವೇಟರ್‌ಗೆ ಸಿಕ್ಕ ಬಳ್ಳಿಯನ್ನು ಇಂಜಿನ್ ನಿಲ್ಲಿಸಿ, ಕೀ ಕೈಗೆ ತೆಗೆದುಕೊಂಡ ಮೇಲೆಯೇ ಬಿಡಿಸಿ. ಬದುವಿನ ಅಂಚಿಗೆ ಚಕ್ರ ಹತ್ತಿಸಬೇಡಿ. ಟ್ರ್ಯಾಕ್ಟರ್‌ನಲ್ಲಿ ಒಂದೇ ಸೀಟು, ಓಡಿಸುವವರದ್ದು. ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂರಿಸುವುದು, ಟ್ರೇಲರ್‌ನಲ್ಲಿ ಮದುವೆಗೆ, ಕೂಲಿಗೆ ಜನ ತುಂಬುವುದು ಬೇಡವೇ ಬೇಡ. ಬಿದ್ದರೆ ಜೀವ ಹೋಗುತ್ತದೆ, ವಿಮೆಯ ಪರಿಹಾರಕ್ಕೂ ತೊಂದರೆಯಾಗುತ್ತದೆ.

ಮುಂದಿನ ವಾರದ ಸಭೆಯಲ್ಲಿ ಚರ್ಚಿಸಿರಿ

• ನಮ್ಮ ಸದಸ್ಯೆಯರ ಕೆಲಸ ವರ್ಷಕ್ಕೆ ಒಟ್ಟು ಎಷ್ಟು ಗಂಟೆ? ಕೊಳ್ಳುವುದು ಲಾಭವೋ, ಬಾಡಿಗೆ ಲಾಭವೋ?
• ಆರ್.ಸಿ. ಯಾರ ಹೆಸರಿಗೆ? ಒಪ್ಪಂದದಲ್ಲಿ ಏನೇನು ಬರೆಯಬೇಕು?
• ನಮ್ಮಲ್ಲಿ ಕಾಗದದ ಅಕ್ಕ, ಎಣ್ಣೆ ಅಕ್ಕ, ಲೆಕ್ಕದ ಅಕ್ಕ ಯಾರು ಯಾರು?
• ಓಡಿಸಲು ಕಲಿಯುವ ಮನಸ್ಸಿರುವ ಅಕ್ಕತಂಗಿಯರು ಯಾರಿದ್ದಾರೆ?

ಕೊನೆಯ ಪ್ರಶ್ನೆಗೆ ಕೈ ಎತ್ತಲು ನಾಚಬೇಡಿ. ಹೊಲಿಗೆ ಯಂತ್ರ ಕಲಿತ ಕಾಲಿಗೆ ಕ್ಲಚ್ ಕಷ್ಟವಲ್ಲ. ಮುಂಗಡ ಕೊಡುವ ಮೊದಲು ಕಾಗದಗಳನ್ನು ಹಿಡಿದುಕೊಂಡು ನಮ್ಮ ಕಚೇರಿಗೆ ಬನ್ನಿ, ಜೊತೆಯಲ್ಲಿ ಕುಳಿತು ಓದೋಣ. ಈ ಸಲ ಹಾರ ಆಮೇಲೆ, ಆರ್.ಸಿ. ಮೊದಲು.